ಹಳೇ ಜಿಪ್ಸಿಯ ಕೆಳಗಿನ ಹಿಂಜ್ ಸ್ಕ್ರೂ ಅಲುಗುತ್ತಿಲ್ಲ: ಕಂಬ ಕೆಡದಂತೆ ಬಾಗಿಲು ಬಿಚ್ಚುವುದು ಹೇಗೆ?

ಕಡಲದಂಡೆ413

ಗಾಡಿ 1999ರ ಮಾರುತಿ ಜಿಪ್ಸಿ ಕಿಂಗ್, ಎಂಜಿ413ಡಬ್ಲ್ಯೂ, ಸಾಫ್ಟ್ ಟಾಪ್. ಕುಂದಾಪುರದ ಕಡೆ, ಕಡಲಿಗೆ ಹತ್ತಿರವೇ ನಿಲ್ಲುವ ಗಾಡಿ. ಡ್ರೈವರ್ ಬಾಗಿಲಿನ ತಳದ ಅಂಚನ್ನು ಒಳಗಿಂದ ತುಕ್ಕು ತಿಂದಿದೆ. ಟಿಂಕರಿಂಗ್‌ಗೆ ಬಾಗಿಲು ಪೂರ್ತಿ ಕಳಚಬೇಕು. ಈಗಿನ ಸ್ಥಿತಿ:

ಮೇಲಿನ ಹಿಂಜ್‌ನ ಸ್ಕ್ರೂಗಳು ಎರಡೂ ಕಡೆ ಬಿಗಿ ಬಿಟ್ಟಿವೆ. ಕೆಳಗಿನ ಹಿಂಜ್‌ನಲ್ಲಿ ಬಾಗಿಲ ಕಡೆಯವು ಅಲುಗಿವೆ, ಕಂಬದ (ಬಾಗಿಲು ತೂಗುವ ಬಾಡಿಯ ಚೌಕಟ್ಟಿನ) ಕಡೆಯವು ಒಂದೂ ಅಲುಗಿಲ್ಲ. ಅವುಗಳಲ್ಲಿ ಒಂದರ ಪ್ಲಸ್ ಗುಂಡಿ ಸವೆದು ಬಟ್ಟಲಿನಂತಾಗಿದೆ, ಹಿಂದೆ ಯಾರೋ ಸಣ್ಣ ಬಿಟ್ ಹಾಕಿ ತಿರುಗಿಸಿದ ಗುರುತು ಕಾಣುತ್ತದೆ. ಅದೇ ಹಿಂಜ್‌ನ ಪಿನ್ ಕೂಡ ಹಿಡಿದಿದೆ, ಬಾಗಿಲು ತೆರೆದರೆ ಕಂಬದ ತಗಡೇ ಸ್ವಲ್ಪ ಮಿಸುಕುತ್ತದೆ. ಗಾಜು ಅರ್ಧಕ್ಕೆ ನಿಂತಿದೆ, ಹ್ಯಾಂಡಲ್ ತಿರುಗಿಸಿದರೆ ಕಟಕಟ ಸದ್ದು. ಲಾಕ್ ಸಿಕ್ಕುವ ಸ್ಟ್ರೈಕರ್‌ನ ಸ್ಕ್ರೂಗಳೂ ತುಕ್ಕು ಹಿಡಿದಿವೆ.

ಕೈಲಿರುವುದು ಸಾಮಾನ್ಯ ಸ್ಪ್ಯಾನರ್ ಸೆಟ್, ಡ್ರಿಲ್, ಗ್ರೈಂಡರ್, ಡಬ್ಲ್ಯೂಡಿ-40. ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಬಹುದೇ? ನೇರ ಡ್ರಿಲ್ ಹಾಕಿದರೆ ಕಂಬದೊಳಗಿನ ನಟ್ಟಿನ ಪಟ್ಟಿ ಕಿತ್ತು ಬಿದ್ದೀತೇ? ಅದೇ ಹೆಚ್ಚಿನ ಚಿಂತೆ.

ಪಾನಾಪೆಟ್ಟಿಗೆ

ಚಿಂತೆ ಸರಿಯಾದ ಜಾಗದಲ್ಲೇ ಇದೆ. ಸ್ಕ್ರೂ ಹೊಸದು ಸಿಗುತ್ತದೆ, ಹಿಂಜ್ ಕೂಡ ಸಿಗುತ್ತದೆ. ಕಂಬದೊಳಗಿನ ಥ್ರೆಡ್ ಹಾಳಾದರೆ ತಗಡು ಕತ್ತರಿಸಿ ವೆಲ್ಡ್ ಮಾಡುವ ಕೆಲಸ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಆ ಥ್ರೆಡ್ ಉಳಿಯುತ್ತದೆಯೇ ಎಂದು ಕೇಳಿಕೊಂಡು ಮುಂದುವರಿಯಿರಿ.

ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ. ಸುಜುಕಿ ಮೂಲದ ಗಾಡಿಗಳಲ್ಲಿ ಇರುವ ಪ್ಲಸ್ ತಲೆ ಜಪಾನಿನ ಜೆಐಎಸ್ ಅಳತೆಯದು. ಅಂಗಡಿಯ ಸಾಮಾನ್ಯ ಫಿಲಿಪ್ಸ್ ಬಿಟ್ ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಬಲ ಹಾಕಿದಾಗ ಮೇಲಕ್ಕೆ ಜಾರಿ ಗುಂಡಿಯನ್ನು ಕೆರೆಯುತ್ತದೆ. ಜೆಐಎಸ್ ಬಿಟ್ ಸಿಗದಿದ್ದರೆ ಫಿಲಿಪ್ಸ್ ಬಿಟ್‌ನ ತುದಿಯನ್ನು ಗ್ರೈಂಡರ್‌ನಲ್ಲಿ ಅರ್ಧ ಎಂಎಂನಷ್ಟು ಚಪ್ಪಟೆ ಮಾಡಿದರೆ ಆಳಕ್ಕೆ ಕೂರುತ್ತದೆ. ತಣ್ಣೀರಿನಲ್ಲಿ ಅದ್ದುತ್ತಾ ಉಜ್ಜಿ, ನೀಲಿಯಾದರೆ ಬಿಟ್‌ನ ಗಡಸು ಹೋಯಿತು. ಹಿಂಜ್ ಸ್ಕ್ರೂಗೆ 3ನೇ ನಂಬರ್ ಹಾಕಿ ನೋಡಿ. ಅದೂ ಅಲುಗಾಡಿದರೆ 4. 2ನೇ ನಂಬರ್ ಬಿಟ್ ಇಲ್ಲಿ ಎಂದೂ ಬೇಡ, ನಿಮ್ಮ ಸವೆದ ಸ್ಕ್ರೂಗೆ ಆಗಿರುವುದು ಬಹುಶಃ ಅದೇ.

ಬೇಕಾದ ಮುಖ್ಯ ಸಾಧನ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್. ಅರ್ಧ ಇಂಚಿನ ಡ್ರೈವ್ ಇರುವ ದಪ್ಪದ್ದು ತನ್ನಿ. ಏಟು ಬಿದ್ದಾಗ ಅದು ಬಿಟ್ ಅನ್ನು ಒಳಕ್ಕೆ ಒತ್ತುತ್ತಲೇ ಸ್ವಲ್ಪ ತಿರುಗಿಸುತ್ತದೆ, ಜಾರಲು ಬಿಡುವುದಿಲ್ಲ. ಜೊತೆಗೆ ಆ ಏಟೇ ಥ್ರೆಡ್ ನಡುವಿನ ತುಕ್ಕಿನ ಪುಡಿಯನ್ನು ಒಡೆಯುತ್ತದೆ. ಸಣ್ಣ ಸುತ್ತಿಗೆಯಲ್ಲಿ ಹತ್ತಾರು ಸಲ ಕುಟ್ಟುವುದಕ್ಕಿಂತ ಒಂದು ಕೆಜಿ ಮೀರಿದ ಸುತ್ತಿಗೆಯಲ್ಲಿ ಗಟ್ಟಿಯಾಗಿ ಎರಡು ಏಟು ಮೇಲು.

ಮಾಡುವ ಕ್ರಮ: ಗುಂಡಿಯೊಳಗಿನ ಬಣ್ಣ, ಮಣ್ಣು ಎಲ್ಲವನ್ನೂ ಸೂಜಿಮೊನೆಯಿಂದ ಕೆದಕಿ ತೆಗೆಯಿರಿ. ಬಣ್ಣ ಉಳಿದರೆ ಬಿಟ್ ಕೂರುವುದೇ ಇಲ್ಲ. ಬಿಟ್ ಇಟ್ಟು ಡ್ರೈವರ್ ಇಲ್ಲದೆಯೇ ನೇರ ನಾಲ್ಕೈದು ಏಟು ಕೊಡಿ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಡಬ್ಲ್ಯೂಡಿ-40ರ ನೀಲಿ ಡಬ್ಬಿಯ ಮಾಮೂಲಿ ದ್ರವ ಈ ಕೆಲಸಕ್ಕೆ ದುರ್ಬಲ. ಪೆನೆಟ್ರಂಟ್ ಎಂದೇ ಮಾರುವ ಬೇರೆ ದ್ರವ ಕೊಳ್ಳಿ, ಇಲ್ಲವೇ ಆಟೋಮ್ಯಾಟಿಕ್ ಗೇರ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ. ಅದು ಬೇಗ ಬೇರ್ಪಡುತ್ತದೆ, ಪ್ರತಿ ಸಲ ಕುಲುಕಿ ಹಾಕಬೇಕು. ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ.

ತಲೆಯ ಕಡೆಯಿಂದ ಹಾಕಿದ ಎಣ್ಣೆ ಥ್ರೆಡ್‌ವರೆಗೆ ತಲುಪುವುದೇ ಕಷ್ಟ. ಕಾಲಿಡುವ ಜಾಗದ ಪಕ್ಕದ ಟ್ರಿಮ್ ಬಿಚ್ಚಿ, ಕಂಬದೊಳಕ್ಕೆ ಕಿಂಡಿ ಸಿಕ್ಕರೆ ಡಬ್ಬಿಯ ಕೆಂಪು ನಳಿಕೆಯನ್ನು ಒಳಗೆ ಬಿಟ್ಟು ಸ್ಕ್ರೂನ ಬಾಲಕ್ಕೆ ಹೊಡೆಯಿರಿ. ಅಲ್ಲಿ ಬಯಲಾಗಿ ನಿಂತ ಥ್ರೆಡ್‌ನ ತುಕ್ಕೇ ಸ್ಕ್ರೂ ಹೊರಬರುವಾಗ ನಟ್ಟಿನೊಳಗೆ ಸಿಕ್ಕಿಕೊಂಡು ಮತ್ತೆ ಜಾಮ್ ಮಾಡುವುದು.

ಬಿಚ್ಚುವ ಮೊದಲು ಇಂಪ್ಯಾಕ್ಟ್ ಡ್ರೈವರ್ ಅನ್ನು ಬಿಗಿಯುವ ದಿಕ್ಕಿಗೆ ಹಾಕಿ ಒಂದು ಏಟು ಕೊಡಿ, ನಂತರ ಬಿಚ್ಚುವ ದಿಕ್ಕು. ಅಲುಗಿದ ಮೇಲೆ ಒಂದೇ ಸಲ ಪೂರ್ತಿ ತಿರುಗಿಸಬೇಡಿ. ಕಾಲು ಸುತ್ತು ಹೊರಗೆ, ಅರ್ಧದಷ್ಟು ಒಳಗೆ, ಮತ್ತೆ ಎಣ್ಣೆ.

ಬಿಟ್ ಸ್ವಲ್ಪ ಜಾರುತ್ತಿದೆ ಅನ್ನಿಸಿದರೆ ಎಂಜಿನ್ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್‌ನ ದಪ್ಪ ಕಾಳಿನದು ತುದಿಗೆ ಸವರಿ. ಹಿಡಿತದಲ್ಲಿ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಘಟ್ಟದಗಾಡಿ

ಮೇಲಿನದು ಸರಿ. ಒಂದು ಮಾತು ಸೇರಿಸ್ತೀನಿ. ನಿಮ್ಮ ಬಾಗಿಲ ಕಡೆಯ ಸ್ಕ್ರೂಗಳು ಎರಡೂ ಹಿಂಜ್‌ನಲ್ಲಿ ಸಡಿಲಾಗಿವೆ ಅಂದ್ರಲ್ಲ, ಹಾಗಿದ್ರೆ ಬಾಗಿಲನ್ನ ಅಲ್ಲೇ ಬೇರ್ಪಡಿಸಿ, ಹಿಂಜ್ ಕಂಬದಲ್ಲೇ ಇರಲಿ. ಬಾಗಿಲು ತೂಗಾಡ್ತಾ ಇರುವಾಗ ಸುತ್ತಿಗೆ ಬೀಸೋಕೆ ನೇರ ಜಾಗ ಸಿಗಲ್ಲ, ಓರೆ ಏಟು ಬಿದ್ದರೆ ಉಳಿದ ಸ್ಕ್ರೂಗಳ ತಲೆನೂ ಹೋಗುತ್ತೆ. ಬಾಗಿಲು ಹೋದ ಮೇಲೆ ಹಿಂಜ್ ಎದುರಿಗೇ ಇರುತ್ತೆ.

ಕಳಚೋ ಮೊದಲು ಹಿಂಜ್ ಸುತ್ತ ಸೂಜಿಯಿಂದ ಗೆರೆ ಎಳೆದುಕೊಳ್ಳಿ, ಮಾರ್ಕರ್ ಎಣ್ಣೆಗೆ ಅಳಿಸಿ ಹೋಗುತ್ತೆ. ಬಾಗಿಲು ಪೂರ್ತಿ ತೆರೆಯದಂತೆ ತಡೆಯೋ ಸ್ಟಾಪರ್ ಪಟ್ಟಿಯನ್ನ ಮೊದಲು ಬಿಚ್ಚಿ. ಅದು ಪಿನ್‌ನಲ್ಲಿದ್ರೆ ತಲೆ ಯಾವ ಕಡೆ ಇದೆ ನೋಡಿ ಎದುರು ಕಡೆಯಿಂದ ತಟ್ಟಿ. ಸ್ಟಾಪರ್ ಬಿಚ್ಚಿದ ಕ್ಷಣದಿಂದ ಬಾಗಿಲು ಮುಂದಕ್ಕೆ ಮಡಚಿ ಫೆಂಡರ್‌ಗೆ (ಮುಂದಿನ ಗಾಲಿ ಮೇಲಿನ ತಗಡಿಗೆ) ಬಡಿಯುತ್ತೆ, ಆದ್ದರಿಂದ ಯಾರಾದ್ರೂ ಹಿಡಿದಿರಬೇಕು. ಟ್ರಾಲಿ ಜಾಕ್ ಮೇಲೆ ಮರದ ಹಲಗೆ, ಅದರ ಮೇಲೆ ಹಳೇ ಕಂಬಳಿ ಹಾಕಿ ಬಾಗಿಲ ತಳಕ್ಕೆ ಆನಿಸಿ. ತಳದ ಅಂಚು ತುಕ್ಕು ತಿಂದಿದೆ ಅಂದಿದ್ದೀರಿ, ಹಾಗಾಗಿ ಒಂದೇ ಜಾಗಕ್ಕೆ ಭಾರ ಬೀಳದ ಹಾಗೆ ಹಲಗೆ ಉದ್ದ ಇರಲಿ. ಕೆಳಗಿನ ಹಿಂಜ್‌ನ ಸ್ಕ್ರೂ ಮೊದಲು, ಮೇಲಿನ ಹಿಂಜ್‌ನ ಒಂದು ಸ್ಕ್ರೂ ಕೊನೆಗೆ. ಹಿಂದಿನ ಮಾಲೀಕರು ಸ್ಪೀಕರ್ ಅಥವಾ ಸೆಂಟ್ರಲ್ ಲಾಕ್ ಹಾಕಿಸಿದ್ರೆ ಬಾಗಿಲೊಳಗೆ ವೈರ್ ಇರುತ್ತೆ, ಅದನ್ನೂ ನೋಡ್ಕೊಳ್ಳಿ.

ತುಂಗಭದ್ರಾ ವೆಲ್ಡಿಂಗ್

ಸವೆದ ಸ್ಕ್ರೂ ಬಗ್ಗೆ ಹೇಳ್ತೀನ್ರಿ. ಅದಕ್ಕ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ಅಂತ ಸಿಗೋ ಆ ಉಲ್ಟಾ ಥ್ರೆಡ್ ಮೊಳೆ ಹಾಕಬ್ಯಾಡ್ರಿ. ತುಕ್ಕು ಹಿಡಿದ ಸ್ಕ್ರೂದಾಗ ಅದು ಮುರಿದರ, ಅದರ ಉಕ್ಕು ಎಷ್ಟು ಗಡಸು ಅಂದ್ರ ಅಂಗಡ್ಯಾಗ ಸಿಗೋ ಸಾದಾ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಹಾಯೂದಿಲ್ಲ. ಸಣ್ಣ ಕೆಲಸ ದೊಡ್ಡದಾಗ್ತದ.

ಎರಡು ದಾರಿ ಅದಾವ. ಒಂದು, ತಲಿ ಮ್ಯಾಲ ನಟ್ಟು ವೆಲ್ಡ್ ಮಾಡೂದು. ಎಂ10 (10 ಎಂಎಂ ಥ್ರೆಡ್) ನಟ್ಟು ತಗೊಂಡು ಸ್ಕ್ರೂ ತಲಿ ಮ್ಯಾಲೆ ನಡುವ ಇಟ್ಟು, ನಟ್ಟಿನ ತೂತಿನೊಳಗಿಂದ ಮಿಗ್ ವೆಲ್ಡ್ (ತಂತಿ ತಾನ ಬರೋ ಮಷೀನಿಂದು) ತುಂಬ್ರಿ. ಸತುವಿನ ಲೇಪ ಇರೋ ಬೆಳ್ಳಗಿನ ನಟ್ಟು ಆದ್ರ ಮೊದಲು ಉಜ್ಜಿ ತೆಗೀರಿ, ಇಲ್ಲಂದ್ರ ವೆಲ್ಡ್ ಗುಳ್ಳಿ ಏಳ್ತದ, ಹೊಗಿನೂ ಎದಿಗೆ ಕೆಟ್ಟದ್ದು. ಕೆಂಪು ಆರಿ ಕಪ್ಪಾಗೋತನಕ ಕಾಯ್ರಿ, ಇನ್ನೂ ಬಿಸಿ ಇದ್ದಾಗನ ಸ್ಪ್ಯಾನರ್ ಹಾಕಿ ಎರಡೂ ಕಡೆ ಅಲ್ಲಾಡಿಸ್ರಿ. ಇಲ್ಲಿ ಲಾಭ ಏನಂದ್ರ ಕಾವು ಸ್ಕ್ರೂದ ಮೈಯೊಳಗಿಂದ ಹೋಗ್ತದ. ಸ್ಕ್ರೂ ಹಿಗ್ಗಿ ತುಕ್ಕನ್ನ ಅದುಮಿ ಪುಡಿ ಮಾಡ್ತದ, ಆರುವಾಗ ಕುಗ್ಗಿ ಸಡಿಲ ಆಗ್ತದ. ಸುತ್ತಲಿನ ಬಣ್ಣ ಅಷ್ಟು ಸುಡೂದಿಲ್ಲ. ಒಮ್ಮೊಮ್ಮೆ ನಟ್ಟು ಕಿತ್ತು ಬರ್ತದ, ಇನ್ನೊಂದು ಹಚ್ಚಿದ್ರಾತು. ಪ್ರತಿ ಸಲ ಹಚ್ಚಿದಾಗ ಕಾವು ಹೋಗೇ ಹೋಗ್ತದ.

ವೆಲ್ಡ್ ಮುಂಚೆ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚ್ರಿ. ನಿಮ್ಮದು ಕಾರ್ಬುರೇಟರ್ ಗಾಡಿ ಇದ್ರೂ ಆಲ್ಟರ್ನೇಟರ್ ಡಯೋಡ್ ಸುಡಬಾರದು, ಎಂಪಿಎಫ್‌ಐ (ಇಂಜೆಕ್ಷನ್) ಗಾಡಿ ಆದ್ರ ಇಸಿಯು, ಅಂದ್ರ ಎಂಜಿನ್ ಕಂಪ್ಯೂಟರ್, ಅದರ ಕನೆಕ್ಟರ್ ಕೂಡ ತೆಗೀಬೇಕು. ಅರ್ಥ್ ಕ್ಲಾಂಪ್ ಹಿಂಜ್‌ಗೇ ಹಾಕ್ರಿ, ಚಾಸಿಗೆ ಬ್ಯಾಡ. ಮುಂದಿನ ಗಾಜಿಗೆ ಒದ್ದಿ ಗೋಣಿಚೀಲ ಮುಚ್ಚ್ರಿ, ಕಿಡಿ ಬಿದ್ದ ಗಾಜಿನ ಮ್ಯಾಲೆ ಚುಕ್ಕಿ ಆಗಿ ಕಾಯಂ ಉಳೀತದ. ಬ್ರೇಕ್ ಕ್ಲೀನರ್ ಹೊಡದ ಜಾಗದಾಗ ವೆಲ್ಡ್ ಮಾಡಬ್ಯಾಡ್ರಿ. ಕ್ಲೋರಿನ್ ಇರೋ ಕ್ಲೀನರ್ ಕಾವಿಗೆ ಫಾಸ್ಜಿನ್ ಅನ್ನೋ ವಿಷದ ಗಾಳಿ ಆಗ್ತದ. ಇದು ಜೀವದ ಮಾತು.

ಎರಡನೇ ದಾರಿ ವೆಲ್ಡಿಂಗ್ ಇಲ್ಲದವರಿಗೆ. ಬರೇ ತಲಿ ಅಷ್ಟ ಡ್ರಿಲ್ ಮಾಡಿ ಹಾರಿಸ್ರಿ. ಎಂ8 ಸ್ಕ್ರೂ ಆದ್ರ ನಡುವ ಪಂಚ್ ಹೊಡದು, 3 ಎಂಎಂ ಗುರಿತೂತು, ಆಮ್ಯಾಲೆ 8 ಅಥವಾ 8.5 ಎಂಎಂ. ತಲಿಯ ದಪ್ಪದಷ್ಟ ಆಳ ಸಾಕು. ತಲಿ ಉಂಗುರಿನ ಹಂಗ ಬಿಟ್ಟು ಬರ್ತದ. ಎಲ್ಲಾ ತಲಿ ಹೋದ ಮ್ಯಾಲೆ ಹಿಂಜ್ ಎಳದು ತೆಗೀರಿ. ಈಗ ಹಿಂಜಿನ ದಪ್ಪದಷ್ಟು ಸ್ಕ್ರೂ ಮೊಳಕೆ ಕಂಬದಿಂದ ಹೊರಗ ನಿಂತಿರ್ತದ, ಹಿಂಜ್ ಬಿಗಿದ ಎಳೆತವೂ ಇರೂದಿಲ್ಲ. ಎಣ್ಣಿ ಹಾಕಿ ಲಾಕಿಂಗ್ ಪ್ಲೈಯರ್‌ನಿಂದ ಹಿಡಿದು ತಿರುವಿದ್ರ ಬಹಳಷ್ಟು ಸಲ ಸೀದಾ ಬರ್ತಾವ. ಡ್ರಿಲ್ ಕಂಬದ ಥ್ರೆಡ್‌ತನಕ ಮುಟ್ಟೇ ಇಲ್ಲ, ನಿಮ್ಮ ಪಟ್ಟಿ ಉಳೀತು.

ಕಡಲದಂಡೆ413

ತಲೆ ಹಾರಿಸಿ ಮೊಳಕೆ ಹಿಡಿಯುವ ದಾರಿ ಕೈಗೆಟಕುವಂತಿದೆ. ಎರಡು ಪ್ರಶ್ನೆ: ಮೊಳಕೆಯೂ ಕಂಬದ ಮಟ್ಟಕ್ಕೇ ಮುರಿದರೆ? ಮತ್ತು ಗ್ಯಾಸ್ ಟಾರ್ಚ್ ಬಗ್ಗೆ ಯಾರೂ ಹೇಳಲಿಲ್ಲ.

ಪಾನಾಪೆಟ್ಟಿಗೆ

ಟಾರ್ಚ್ ಈ ಜಾಗಕ್ಕೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬಯಲಲ್ಲಿರುವ ಚಾಸಿ ಬೋಲ್ಟ್‌ಗೆ ಅದು ಒಳ್ಳೆಯದು. ಮುಂದಿನ ಕಂಬದ ಬೆನ್ನಿಗೆ ಡ್ಯಾಶ್‌ಬೋರ್ಡ್, ವೈರಿಂಗ್, ಕಂಬದೊಳಗೆ ವರ್ಷಗಟ್ಟಲೆ ಕೂತ ಎಣ್ಣೆ, ಮೇಣ, ಒಣಗಿದ ಎಲೆ. ಜೊತೆಗೆ ಈಗ ನೀವೇ ಹಾಕಿದ ಪೆನೆಟ್ರಂಟ್, ಅದು ಉರಿಯುವ ವಸ್ತು. ಬೆಂಕಿ ಒಳಗೆ ಹತ್ತಿದರೆ ಹೊರಗಿಂದ ಕಾಣುವುದೇ ಇಲ್ಲ.

ಅಲ್ಲದೆ ಟಾರ್ಚ್ ಇಡೀ ಜಾಗವನ್ನು ಒಟ್ಟಿಗೆ ಕಾಯಿಸುತ್ತದೆ. ನಮಗೆ ಬೇಕಿರುವುದು ಸ್ಕ್ರೂಗೂ ನಟ್ಟಿಗೂ ಕಾವಿನ ವ್ಯತ್ಯಾಸ. 8 ಎಂಎಂ ಉಕ್ಕಿನ ಸ್ಕ್ರೂ 200 ಡಿಗ್ರಿಯಷ್ಟು ಬಿಸಿಯೇರಿದರೆ ಅದರ ಅಡ್ಡಳತೆ ಹಿಗ್ಗುವುದು ಸುಮಾರು 0.02 ಎಂಎಂ. ಸಣ್ಣದೆನಿಸಿದರೂ ತುಕ್ಕಿನ ಪದರ ಒಡೆಯಲು ಸಾಕು, ಆದರೆ ನಟ್ಟು ತಣ್ಣಗಿದ್ದಾಗ ಮಾತ್ರ. ದಪ್ಪ ತುದಿಯ, 100 ವಾಟ್ ಮೇಲ್ಪಟ್ಟ ಬೆಸುಗೆ ಕಬ್ಬಿಣವನ್ನು ಸ್ಕ್ರೂ ತಲೆಗೆ ಐದು ನಿಮಿಷ ಒತ್ತಿ ಹಿಡಿಯಿರಿ. ನಂತರ ಬಿಸಿ ತಲೆಯ ಅಂಚಿಗೆ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಸಂದಿಗೆ ಇಳಿಯುತ್ತದೆ. ಆಗ ಇಂಪ್ಯಾಕ್ಟ್ ಡ್ರೈವರ್. ಇದರಲ್ಲಿ ಬಣ್ಣವೂ ಉಳಿಯುತ್ತದೆ.

ಕಂಬದ ಮಟ್ಟಕ್ಕೆ ಮುರಿದರೆ ತೂತು ನಡುಮಧ್ಯ ಬೀಳಬೇಕು, ಅದೇ ಇಡೀ ಕೆಲಸ. ಮುರಿದ ಮುಖವನ್ನು ಸಣ್ಣ ಅರದಿಂದ ಮಟ್ಟ ಮಾಡಿ, ಪಂಚ್ ಹೊಡೆದು, ಕನ್ನಡಿ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಹಿಂಜ್ ಅನ್ನೇ ಮತ್ತೆ ಇಟ್ಟು, ಅದರ ತೂತಿಗೆ ಹೊಂದುವ ಹೊರ ಅಳತೆಯ, ಒಳಗೆ 3 ಎಂಎಂ ತೂತಿರುವ ಬುಷ್ (ಸಣ್ಣ ಕೊಳವೆ) ಒಂದನ್ನು ಲೇತ್‌ನಲ್ಲಿ ಮಾಡಿಸಿಕೊಂಡರೆ ಡ್ರಿಲ್ ಆಚೀಚೆ ಓಡುವುದಿಲ್ಲ. ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಬಳಸಿ, ಎಷ್ಟೋ ಸಲ 5 ಎಂಎಂ ತಲುಪುವಷ್ಟರಲ್ಲಿ ತುಂಡು ತಾನೇ ತಿರುಗಿ ಹೊರಬರುತ್ತದೆ. ಬಾರದಿದ್ದರೆ 3, 5, ಕೊನೆಗೆ 6.8 ಎಂಎಂ. ಎಂ8ಕ್ಕೆ 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ) ಟ್ಯಾಪ್‌, ಅಂದರೆ ಥ್ರೆಡ್ ಕೊರೆಯುವ ಸಾಧನ, ಅದರ ಅಳತೆ ಅದು. ಟ್ಯಾಪ್ ಹಾಕುವ ಮುಂಚೆ ಬಿಚ್ಚಿದ ಒಳ್ಳೆಯ ಸ್ಕ್ರೂ ಒಂದಕ್ಕೆ ಪಿಚ್ ಗೇಜ್ ಇಟ್ಟು ನೋಡಿ, ಅಂದಾಜಿನ ಮೇಲೆ ಹೋಗಬೇಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ ಹಾಕುತ್ತಾ.

ಪಟ್ಟಿಯ ವಿಷಯ: ಮೊದಲ ಸ್ಕ್ರೂ ಹೊರಬಂದ ಕೂಡಲೇ ಆ ತೂತಿಗೆ ಸಪೂರ ಸ್ಕ್ರೂಡ್ರೈವರ್ ಹಾಕಿ ಹಗುರವಾಗಿ ಮೀಟಿ. ಒಳಗೆ ಮಿಸುಕಿದರೆ ಅದು ತೇಲುವ ಪಟ್ಟಿ, ಅಂದರೆ ಕಂಬಕ್ಕೆ ವೆಲ್ಡ್ ಆಗದೆ ಸಡಿಲವಾಗಿ ಕೂತಿರುವುದು. ಹಾಗಿದ್ದರೆ ಕೊನೆಯ ಸ್ಕ್ರೂ ತೆಗೆಯುವ ಮೊದಲು ಖಾಲಿ ತೂತಿಗೆ ಉದ್ದನೆಯ ಎಂ8 ಬೋಲ್ಟ್ ಒಂದನ್ನು ಕೈಯಲ್ಲಿ ತಿರುಗಿಸಿ ಬಿಡಿ, ಪಟ್ಟಿ ಕಂಬದ ತಳಕ್ಕೆ ಬೀಳುವುದಿಲ್ಲ. ಸ್ಟ್ರೈಕರ್‌ಗೂ ಇದೇ ನಿಯಮ: ಸುತ್ತ ಗೆರೆ ಎಳೆದು, ಒಂದೊಂದೇ ಸ್ಕ್ರೂ ತೆಗೆದು ಸ್ವಚ್ಛ ಮಾಡಿ ಹಿಂದಿರುಗಿಸಿ, ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ.

ಘಟ್ಟದಗಾಡಿ

ಹಿಂಜ್ ಪಿನ್ ಹಿಡಿದಿದ್ದು ಸಣ್ಣ ವಿಷಯ ಅಲ್ಲ. ಕಂಬದ ತಗಡು ಮಿಸುಕುತ್ತೆ ಅಂದ್ರೆ ಬಾಗಿಲು ತಿರುಗಬೇಕಾದ ಜಾಗದಲ್ಲಿ ತಗಡು ಬಾಗ್ತಾ ಇದೆ ಅಂತ ಅರ್ಥ. ಇನ್ನೂ ಹೀಗೇ ತೆರೆದು ಮುಚ್ಚಿದ್ರೆ ಸ್ಕ್ರೂ ತೂತಿನ ಸುತ್ತ ಕೂದಲೆಳೆ ಬಿರುಕು ಬರುತ್ತೆ. ಹಿಂಜ್ ತೆಗೆದ ಮೇಲೆ ಆ ಜಾಗದ ಬಣ್ಣ ಕೆರೆದು ಬಿರುಕು ಇದೆಯಾ ನೋಡಿ, ಇದ್ರೆ ಎರಡೂ ತುದಿಗೆ 2 ಎಂಎಂ ತೂತು ಹಾಕಿ ಆಮೇಲೆ ವೆಲ್ಡ್ ಮಾಡಿಸಿ.

ಪಿನ್ ಅನ್ನ ಗಾಡಿ ಮೇಲಿರುವಾಗ ಹೊಡೆದು ತೆಗೆಯೋ ಪ್ರಯತ್ನ ಬೇಡ, ಏಟೆಲ್ಲ ಕಂಬಕ್ಕೇ ಹೋಗುತ್ತೆ. ಹಿಂಜ್ ಕೈಗೆ ಬಂದ ಮೇಲೆ ವೈಸ್‌ನಲ್ಲಿ ಕಟ್ಟಿ. ಒಂದು ದಿನ ಡೀಸೆಲ್‌ನಲ್ಲಿ ಮುಳುಗಿಸಿಡಿ, ಆಮೇಲೆ ಎರಡು ಎಲೆಯನ್ನೂ ಹಿಂದೆ ಮುಂದೆ ಆಡಿಸ್ತಾ ಹೋಗಿ. ಇಲ್ಲಿ ಟಾರ್ಚ್ ಧಾರಾಳವಾಗಿ ಬಳಸ್ಬಹುದು, ಡೀಸೆಲ್ ಒರೆಸಿ ಒಣಗಿಸಿದ ಮೇಲೆ. ಪಿನ್ ತೆಗೆಯಲೇಬೇಕು ಅಂದ್ರೆ ಗೆರೆ ಗೆರೆ ಕೊರೆದ ತುದಿ ಯಾವುದು ನೋಡಿ, ಅದರ ಎದುರಿನ ನುಣುಪು ತುದಿಯಿಂದ ಪಂಚ್ ಇಟ್ಟು ಒತ್ತಿ. ಪ್ರೆಸ್ ಇದ್ರೆ ಇನ್ನೂ ಒಳ್ಳೇದು. ಪಿನ್ ಸವೆದು ಮೆಟ್ಟಿಲು ಬಿದ್ದಿದ್ರೆ ಲೇತ್‌ನಲ್ಲಿ ಹೊಸದು ಮಾಡಿಸೋದಕ್ಕಿಂತ ಇಡೀ ಹಿಂಜ್ ಹಾಕೋದು ಲೇಸು. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿ. ಎಡ ಬಲ, ಮೇಲೆ ಕೆಳಗೆ ಬೇರೆ ಬೇರೆ ಇರಬಹುದು, ಹಳೇದನ್ನ ಕೈಯಲ್ಲೇ ತಗೊಂಡು ಹೋಗಿ.

ಗಾಜಿಗೆ ಬಂದ್ರೆ, ಬಾಗಿಲು ಕಳಚೋ ಮೊದಲೇ ಅದನ್ನ ತೆಗೆದುಬಿಡಿ. ತೂಕ ಇಳಿಯುತ್ತೆ, ಟಿಂಕರಿಂಗ್ ಕಾವಿಗೆ ಗಾಜು ಸಿಗಲ್ಲ. ಹ್ಯಾಂಡಲ್ ಹಿಂದೆ ಕುದುರೆಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ ಇರುತ್ತೆ. ಹತ್ತಿ ಬಟ್ಟೆಯ ಅಂಚನ್ನ ಹ್ಯಾಂಡಲ್ಲಿಗೂ ಪ್ಯಾನೆಲ್ಲಿಗೂ ನಡುವೆ ತೂರಿಸಿ, ಶೂ ಪಾಲಿಶ್ ಮಾಡೋ ಥರ ಎರಡೂ ತುದಿ ಎಳೆದಾಡಿದ್ರೆ ಕ್ಲಿಪ್ ಜಿಗಿದು ಹೊರಗೆ ಬರುತ್ತೆ. ಎಲ್ಲಿ ಬೀಳುತ್ತೆ ನೋಡ್ಕೊಳ್ಳಿ.

ಹ್ಯಾಂಡಲ್ ಹೋದ ಮೇಲೆ ಶಾಫ್ಟ್ ಅನ್ನ ಪ್ಲೈಯರ್‌ನಿಂದ ತಿರುಗಿಸಿ. ಗಾಜು ಸರಿಯಾಗಿ ಆಡಿದ್ರೆ ಹ್ಯಾಂಡಲ್ ಹಲ್ಲು ಮಾತ್ರ ಸವೆದಿದೆ. ಆಗಲೂ ಕಟಕಟ ಅಂದ್ರೆ ಒಳಗಿನ ರೆಗ್ಯುಲೇಟರ್ (ಗಾಜು ಏರಿಸಿ ಇಳಿಸೋ ಯಂತ್ರ) ಹಲ್ಲು ಹೋಗಿದೆ, ಅಥವಾ ಗಾಜು ಗಟ್ಟಿ ಹಿಡಿದಿರೋದ್ರಿಂದ ಹಲ್ಲು ಹಾರ್ತಾ ಇದೆ. ಎರಡನೇದು ಜಾಸ್ತಿ. ಗಾಜು ಓಡೋ ಫೆಲ್ಟ್ ಚಾನೆಲ್‌ನಲ್ಲಿ ಮರಳು ತುಂಬಿ, ಹಿಂದಿನ ಲೋಹ ತುಕ್ಕು ಹಿಡಿದು ಊದಿ ಗಾಜನ್ನ ಅಮುಕಿರುತ್ತೆ. ಮೊದಲು ನೀರು ಬಿಟ್ಟು ಮರಳು ತೊಳೆಯಿರಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಗ್ರೀಸ್ ಮಾತ್ರ ಬೇಡ, ಮರಳನ್ನ ಹಿಡಿದಿಟ್ಟುಕೊಂಡು ಗಾಜಿಗೆ ಗೀರು ಹಾಕುತ್ತೆ. ಒಬ್ಬರು ಶಾಫ್ಟ್ ತಿರುಗಿಸುವಾಗ ಇನ್ನೊಬ್ಬರು ಎರಡೂ ಅಂಗೈ ಗಾಜಿನ ಎರಡು ಮುಖಕ್ಕೆ ಒತ್ತಿ ಜೊತೆಯಲ್ಲೇ ಸರಿಸಿ. ಸ್ಕ್ರೂಡ್ರೈವರ್‌ನಿಂದ ಗಾಜಿನ ಅಂಚನ್ನ ಮೀಟಿದ್ರೆ ಅದು ಪೂರ್ತಿ ಪುಡಿ ಆಗುತ್ತೆ, ಟಫನ್ಡ್ ಗಾಜಿನ ಸೂಕ್ಷ್ಮ ಜಾಗ ಅಂಚೇ.

ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿಯದ ಹಾಗೆ ತೆಗೆಯಿರಿ. ಗಾಜಿನ ಮೇಲಿಂದ ಇಳಿದ ನೀರನ್ನ ಬಾಗಿಲೊಳಗೇ ಇಟ್ಟು ತಳದ ತೂತಿಂದ ಹೊರಗೆ ಕಳಿಸೋದು ಅದೇ ಹಾಳೆ. ಹಾಗೇ ಆ ತಳದ ತೂತುಗಳು ಕೆಸರು ತುಂಬಿ ಮುಚ್ಚಿವೆಯಾ ನೋಡಿ. ನಿಮ್ಮ ಬಾಗಿಲ ತಳ ಕೊಳೆತಿರೋದು ಅಲ್ಲಿಂದಲೇ ಇರಬೇಕು. ಹೊಸ ತಗಡು ಹಾಕಿಸಿದಾಗ ಆ ತೂತುಗಳನ್ನ ಮತ್ತೆ ಕೊರೆಸೋಕೆ ಟಿಂಕರ್‌ಗೆ ಹೇಳಿ, ಎಷ್ಟೋ ಕಡೆ ಮರೆತುಬಿಡ್ತಾರೆ.

ಕಡಲದಂಡೆ413

ಮತ್ತೆ ಜೋಡಿಸುವಾಗ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಈ ತೊಂದರೆ ತಪ್ಪುತ್ತದೆಯೇ?

ಪಾನಾಪೆಟ್ಟಿಗೆ

ಹಿಂಜ್‌ಗೆ ಬೇಡ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್‌ನ ಬಲ 8.8 ದರ್ಜೆಯ ಉಕ್ಕಿಗಿಂತ ಕಡಿಮೆ, ಒಣಗಿ ಬಿಗಿದರೆ ಥ್ರೆಡ್ ಉಜ್ಜಿಕೊಂಡು ಅಂಟುವ ಗುಣವೂ ಇದೆ. 8.8 ಅಥವಾ 10.9 ದರ್ಜೆಯ ಉಕ್ಕಿನದೇ ಹಾಕಿ. ಹಳೆಯ ಸ್ಕ್ರೂ ತಲೆ ಇಳಿಜಾರಿನದಾಗಿದ್ದು, ಕೋನ 90 ಡಿಗ್ರಿಗೆ ಹೊಂದಿದರೆ ಅಲೆನ್ ಕೀ ತಲೆಯ ಎಂ8 ಕೌಂಟರ್‌ಸಂಕ್ ಸ್ಕ್ರೂ ಹಾಕಬಹುದು, 5 ಎಂಎಂ ಕೀ. ಉದ್ದ ಹಳೆಯದಷ್ಟೇ ಇರಲಿ, ಹೆಚ್ಚಾದರೆ ಬಾಲ ಒಳಗೆ ಬಯಲಾಗಿ ನಿಂತು ಮತ್ತೆ ಇದೇ ಕತೆ.

ಕಂಬದ ಥ್ರೆಡ್‌ಗೆ ಒಮ್ಮೆ ಎಂ8 ಟ್ಯಾಪ್ ಓಡಿಸಿ ತುಕ್ಕು ತೆಗೆಯಿರಿ. ಸ್ಕ್ರೂಗೆ ತಾಮ್ರ ಅಥವಾ ನಿಕ್ಕಲ್ ಪುಡಿ ಇರುವ ಆ್ಯಂಟಿ-ಸೀಜ್ (ಥ್ರೆಡ್ ಹಿಡಿಯದಂತೆ ತಡೆಯುವ) ಪೇಸ್ಟ್ ಸವರಿ. ಒಣ ಥ್ರೆಡ್‌ನಲ್ಲಿ 8.8 ದರ್ಜೆಯ ಎಂ8ಕ್ಕೆ 25 ನ್ಯೂಟನ್ ಮೀಟರ್ ಆಸುಪಾಸು ಬಿಗಿಯುತ್ತಾರೆ. ಪೇಸ್ಟ್ ಇದ್ದಾಗ ಅದೇ ಬಿಗಿಗೆ 20 ಸಾಕು, ಇಳಿಜಾರು ಅಲೆನ್ ತಲೆಗೂ ಅದನ್ನು ಮೀರಬೇಡಿ. ಎಲ್ಲ ಮುಗಿದ ಮೇಲೆ ಟ್ರಿಮ್ ಮುಚ್ಚುವ ಮುನ್ನ ಕಂಬದ ಕಿಂಡಿಯಿಂದ ಸ್ಕ್ರೂ ಬಾಲಗಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣದ ಸ್ಪ್ರೇ) ಹೊಡೆಯಿರಿ. ಕರಾವಳಿಯ ಗಾಡಿಗೆ ಪೇಸ್ಟ್‌ಗಿಂತಲೂ ಇದು ಮುಖ್ಯ.

ತುಂಗಭದ್ರಾ ವೆಲ್ಡಿಂಗ್

ಹಿಂದಿನ ಬಾಗಿಲಿಗೂ ಇದನ್ನ ಮಾಡ್ರಿ. ಸ್ಟೆಪ್ನಿ ಗಾಲಿ ಅದರ ಮ್ಯಾಲೆ ತೂಗ್ತಿರ್ತದ, ಹಿಂಜ್ ಮುಟ್ಟೂ ಮೊದಲು ಗಾಲಿ ಇಳಿಸ್ರಿ. ಡ್ರೈವರ್ ಬಾಗಿಲು ಕೂಡಿಸುವಾಗ ನೀವು ಎಳದ ಗೆರಿಗೆ ಹಿಂಜ್ ಹೊಂದಿಸಿ, ಮೇಲಿನ ಹಿಂಜ್ ಅರ್ಧ ಬಿಗಿದು, ಸ್ಟ್ರೈಕರ್ ಇಲ್ಲದ ಹಂಗ ಬಾಗಿಲು ಮೆಲ್ಲಕ ಮುಚ್ಚಿ ಸಂದು ನೋಡ್ರಿ. ಸುತ್ತಲೂ ಸಮ ಬಂದ ಮ್ಯಾಲೆ ಕೆಳಗಿನದು, ಕಟ್ಟಕಡಿಗೆ ಸ್ಟ್ರೈಕರ್. ಸ್ಟ್ರೈಕರ್ ಕಾಯಂ ಬಿಗಿದ ಮ್ಯಾಲೆ ಹಿಂಜ್ ಹೊಂದಿಸಲಿಕ್ಕೆ ಹೋದ್ರ ಲಾಕ್ ಬಾಗಿಲನ್ನ ಎತ್ತಿ ಹಿಡದಿರ್ತದ, ಖರೇ ಜೋಲು ಎಷ್ಟು ಅಂತ ತಿಳಿಯೂದೇ ಇಲ್ಲ.